ವಿಶ್ವವಿದ್ಯಾಲಯಗಳ ಟ್ರೇಡಿಂಗ್ ಸ್ಪರ್ಧೆಗೆ ವಿದ್ಯಾರ್ಥಿ ತಂಡ ಕಟ್ಟುವುದು ಹೇಗೆ?

ನಾಲ್ಕೈದು ಜನ ಸಾಕು, ಆದರೆ ಎಲ್ಲರೂ ಫೈನಾನ್ಸ್ ಓದುವವರೇ ಆಗಿರಬಾರದು. ಕೋಡ್ ಬರೆಯುವವರು ಒಬ್ಬರು, ಗಣಿತ ಗಟ್ಟಿಯಿರುವವರು ಒಬ್ಬರು ಬೇಕೇ ಬೇಕು.

ಯಾಕೆಂದರೆ ಟೊರಾಂಟೊ ವಿಶ್ವವಿದ್ಯಾಲಯದ ರಾಟ್‌ಮನ್ ಸ್ಪರ್ಧೆಯಂಥ ಕಡೆ ವಹಿವಾಟು ನಡೆಯುವುದು ನಿಜವಾದ ಷೇರುಪೇಟೆಯಲ್ಲಲ್ಲ, ಕಂಪ್ಯೂಟರಿನೊಳಗಿನ ಅಣಕು ಮಾರುಕಟ್ಟೆಯಲ್ಲಿ. ಒಂದೊಂದು ಸುತ್ತೂ ಕೆಲವೇ ನಿಮಿಷ. ಯಾವ ಕಂಪನಿ ಒಳ್ಳೆಯದು ಅನ್ನುವ ತಿಳಿವಳಿಕೆ ಅಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ಸುದ್ದಿ ಬಂದ ಕೂಡಲೇ ಬೆಲೆ ಎಷ್ಟಾಗಬೇಕು ಎಂದು ಲೆಕ್ಕ ಹಾಕಿ, ಕೊಟ್ಟಿರುವ ಮಿತಿ ದಾಟದೆ ಕೊಂಡು ಮಾರುವವರದ್ದೇ ಮೇಲುಗೈ.

ಸುತ್ತುಗಳ ವಿವರ ಮೊದಲೇ ಸಿಗುತ್ತದೆ. ಅದಕ್ಕೆ ತಕ್ಕ ಎಕ್ಸೆಲ್ ಹಾಳೆ ಮಾಡಿಕೊಂಡು, ಗಡಿಯಾರ ಇಟ್ಟು ಅಭ್ಯಾಸ ಮಾಡಿ. ಕಾಲೇಜಿನ ಹೆಸರಲ್ಲಿ ಹೋಗುವುದರಿಂದ ಒಬ್ಬ ಪ್ರಾಧ್ಯಾಪಕರನ್ನು ಜೊತೆಗಿಟ್ಟುಕೊಳ್ಳಿ. ಸ್ವಂತ ದುಡ್ಡು ಹಾಕಿ ಕಲಿಯಲು ಹೋಗಬೇಡಿ, ಅದು ಸುಮ್ನೆ ನಷ್ಟ.