ಎಂ.ಎಸ್ಸಿ. ಮುಗಿದ ಮೇಲೂ ಬಿ.ಎಡ್.ಗೆ ಎರಡು ವರ್ಷ ಕೊಡಬೇಕೆ?

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಜಗಳೂರಿನಲ್ಲಿ ಟ್ಯೂಷನ್ ಹೇಳುತ್ತಿದ್ದೀರಿ, ಸರ್ಕಾರಿ ಶಾಲೆಯಲ್ಲಿ ಶಿಕ್ಷಕರಾಗಬೇಕೆಂಬ ಆಸೆಯಿದೆ, ಆದರೆ ಪಾಠ ಹೇಳುವುದು ಈಗಾಗಲೇ ಬರುವಾಗ ಬಿ.ಎಡ್.ಗೆಂದು ಎರಡು ವರ್ಷ ಕಳೆಯುವುದು ದಂಡವಲ್ಲವೇ ಎಂದು ಕೇಳಿದ್ದೀರಿ. ಜತೆಗೆ, ತರಗತಿಗೆ ಹೋಗದಿದ್ದರೂ ಹಾಜರಾತಿ ಹಾಕಿಕೊಡುವ ಕಾಲೇಜೊಂದರ ವಿಷಯ ಯಾರೋ ಹೇಳಿದ್ದಾರೆಂದೂ, ಅದಕ್ಕಿಂತ ನೇರವಾಗಿ ಎಂ.ಎಡ್. ಮಾಡುವುದು ಮೇಲಲ್ಲವೇ ಎಂದೂ ಬರೆದಿದ್ದೀರಿ. ನಾನೂ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಇದೇ ಅನುಮಾನ ಇಟ್ಟುಕೊಂಡು 2017ರಲ್ಲಿ ದಾವಣಗೆರೆಯ ಬಿ.ಎಡ್. ಕಾಲೇಜೊಂದನ್ನು ಸೇರಿದವಳು. ಈಗ ಭರಮಸಾಗರದ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರಿಗೆ ಗಣಿತ ಮತ್ತು ವಿಜ್ಞಾನ ಕಲಿಸುತ್ತಿದ್ದೇನೆ.

ಎಂ.ಎಡ್. ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡುತ್ತೇನೆ. ಬಿ.ಎಡ್.ನಂಥ ಶಿಕ್ಷಕ ತರಬೇತಿ ಇಲ್ಲದೆ ಎಂ.ಎಡ್.ಗೆ ಪ್ರವೇಶವಿಲ್ಲ ಮತ್ತು ಅದು ಮುಖ್ಯವಾಗಿ ಶಿಕ್ಷಕರನ್ನು ತಯಾರು ಮಾಡುವ ಉಪನ್ಯಾಸಕರಿಗಾಗಿ ಇರುವ ಕೋರ್ಸು. ಶಾಲೆಯಲ್ಲಿ ಪಾಠ ಮಾಡಬೇಕೆಂದಿರುವವರು ಅದರ ಚಿಂತೆಯನ್ನು ಸದ್ಯಕ್ಕೆ ಬದಿಗಿಡಬಹುದು.

ಇನ್ನು ಪಾಠ ಹೇಳುವುದು ಬರುತ್ತದೆ ಎಂಬ ಮಾತು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಎರಡನೆಯ ವರ್ಷದ ಇಂಟರ್ನ್‌ಶಿಪ್‌ಗೆ ನನ್ನನ್ನು ದಾವಣಗೆರೆಯ ಹಳೇ ಊರಿನ ಕಡೆಯ ಒಂದು ಸರ್ಕಾರಿ ಶಾಲೆಗೆ ಹಾಕಿದ್ದರು. ಮಕ್ಕಳಲ್ಲಿ ಬಹಳಷ್ಟು ಮಂದಿ ಹಮಾಲರ ಮನೆಯವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮನೆಯವರು. ಏಳನೆಯ ತರಗತಿಗೆ ತ್ರಿಭುಜದ ವಿಸ್ತೀರ್ಣ ಹೇಳಬೇಕಿತ್ತು. ಅರ್ಧ ಗುಣಿಸು ಪಾದ ಗುಣಿಸು ಎತ್ತರ. ಹಿಂದಿನ ರಾತ್ರಿ ಮೂರು ಪುಟದ ಪಾಠಯೋಜನೆ ಬರೆದು, ಬಣ್ಣದ ಸೀಮೆಸುಣ್ಣ ಕೊಂಡುಕೊಂಡು ಹೋಗಿದ್ದೆ. ಒಂದಾದ ಮೇಲೊಂದರಂತೆ ಎಂಟು ತ್ರಿಭುಜಗಳನ್ನು ಬರೆದೆ, ಮಕ್ಕಳು ಪಟಪಟನೆ ಉತ್ತರ ಹೇಳಿದರು, ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದ ನಮ್ಮ ಗಣಿತ ಬೋಧನಾ ವಿಧಾನದ ಉಪನ್ಯಾಸಕರು ತಲೆಯೆತ್ತದೆ ಏನೋ ಬರೆಯುತ್ತಿದ್ದರು. ಕಪ್ಪುಹಲಗೆಯ ಕೆಳಭಾಗದ ಬಣ್ಣ ಕಿತ್ತುಹೋಗಿದ್ದರಿಂದ ಒಂಬತ್ತನೆಯದಕ್ಕೆ ಜಾಗ ಸಾಲಲಿಲ್ಲ. ಮೂಲೆಯಲ್ಲಿ ಹೇಗೋ ಹಿಡಿಸಲೆಂದು ಅದನ್ನು ತುದಿ ಕೆಳಗೆ ಬರುವಂತೆ, ಸ್ವಲ್ಪ ಓರೆಯಾಗಿ ಬರೆದೆ. ಇಡೀ ತರಗತಿ ಸುಮ್ಮನಾಯಿತು. ಒಬ್ಬ ಹುಡುಗಿ ತನ್ನ ನೋಟ್‌ಬುಕ್ಕನ್ನೇ ತಿರುಗಿಸತೊಡಗಿದಳು. ಹಿಂದಿನಿಂದ ಒಬ್ಬ ಹುಡುಗ ಎದ್ದು, "ಮಿಸ್, ಇದು ತಲೆಕೆಳಗಾಗಿ ಬಿದ್ದೈತಿ, ಇದಕ್ಕ ಪಾದ ಎಲ್ಲೈತಿ?" ಎಂದ.

ಆ ಪ್ರಶ್ನೆಯ ಅರ್ಥ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ತುದಿಗೆ ಎದುರಿನ ಬಾಹುವನ್ನು ತೋರಿಸಿ, "ಇದೇ ಪಾದ, ಎತ್ತರ ಇಷ್ಟು" ಎಂದು ಹೇಳಿ ಲೆಕ್ಕ ಮಾಡಿಸಿಬಿಟ್ಟೆ. ಗಂಟೆ ಹೊಡೆದ ಮೇಲೆ ಉಪನ್ಯಾಸಕರು ಕೇಳಿದ್ದು ಒಂದೇ: "ಎಂಟು ತ್ರಿಭುಜ ಬರೆದಿರಿ. ಒಂದನ್ನಾದರೂ ಬೇಕೆಂದೇ ಓರೆಯಾಗಿ ಬರೆದಿರಾ?" ಬರೆದಿರಲಿಲ್ಲ. ಆಮೇಲೆ ಅವರು ವಿವರಿಸಿದಾಗ ನನಗೆ ನಾಚಿಕೆಯಾಯಿತು. ನಮ್ಮ ಪುಸ್ತಕದಲ್ಲಿರುವ ಪದ "ಪಾದ". ಮಗುವಿಗೆ ಪಾದ ಎಂದರೆ ಕಾಲು. ಕಾಲು ನೆಲದ ಮೇಲೆಯೇ ಇರಬೇಕು. "ಎತ್ತರ" ಎಂದರೆ ನೆಲದಿಂದ ಮೇಲಕ್ಕೆ ಅಳೆಯುವುದು. ನಾನು ಪ್ರತಿಯೊಂದು ತ್ರಿಭುಜವನ್ನೂ ನೆಟ್ಟಗೆ ನಿಲ್ಲಿಸಿ ಬರೆದು, ಯಾವ ಬಾಹುವನ್ನಾದರೂ ಪಾದವೆಂದು ತೆಗೆದುಕೊಳ್ಳಬಹುದು ಎಂಬ ಮುಖ್ಯ ಮಾತನ್ನೇ ಹೇಳದೆ, ಆ ತಪ್ಪು ತಿಳಿವಳಿಕೆಯನ್ನು ಎಂಟು ಸಲ ಗಟ್ಟಿ ಮಾಡಿದ್ದೆ. ಸ್ನಾತಕೋತ್ತರ ತರಗತಿಯಲ್ಲಿ ಟೊಪಾಲಜಿ ಓದಿದವಳಿಗೆ ಏಳನೆಯ ತರಗತಿಯ ಹುಡುಗ ಎಲ್ಲಿ ಎಡವುತ್ತಾನೆಂಬುದು ಕಂಡಿರಲಿಲ್ಲ. ಟ್ಯೂಷನ್ನಿನಲ್ಲಿ ಇದು ಬೆಳಕಿಗೆ ಬರುವುದೇ ಇಲ್ಲ, ಏಕೆಂದರೆ ಅಲ್ಲಿ ಮಕ್ಕಳು ಶಾಲೆಯಲ್ಲಿ ಕೊಟ್ಟ ಲೆಕ್ಕ ತರುತ್ತಾರೆ, ನಾವು ಬಿಡಿಸಿಕೊಡುತ್ತೇವೆ, ಉತ್ತರ ಸರಿ ಬರುತ್ತದೆ.

ಮರುದಿನ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ 13, 14, 15 ಸೆಂಟಿಮೀಟರ್ ಬಾಹುಗಳ ತ್ರಿಭುಜಗಳನ್ನು ಕತ್ತರಿಸಿಕೊಂಡು ಹೋಗಿ ಗುಂಪಿಗೊಂದರಂತೆ ಕೊಟ್ಟೆ. ಪ್ರತಿ ಬಾಹುವನ್ನೂ ಒಮ್ಮೊಮ್ಮೆ ಪಾದವೆಂದು ಹಿಡಿದು, ಮೂಲೆಮಟ್ಟವಿಟ್ಟು ಎತ್ತರ ಅಳೆಯಲು ಹೇಳಿದೆ. 14ರ ಮೇಲೆ ಎತ್ತರ 12 ಬಂತು, 15ರ ಮೇಲೆ 11.2, 13ರ ಮೇಲೆ 12.9. ಮೊದಲೆರಡು ಸಲ ವಿಸ್ತೀರ್ಣ 84 ಚದರ ಸೆಂಟಿಮೀಟರ್, ಮೂರನೆಯ ಸಲ 83.85. ಹಿಂದಿನ ದಿನ ಪಾದ ಎಲ್ಲಿ ಎಂದು ಕೇಳಿದ್ದ ಹುಡುಗನೇ, "ಮಿಸ್, ಹದಿನೈದು ಪೈಸಾ ಕಡಿಮಿ ಬಂತು, ಎಲ್ಲಿ ಹೋತು?" ಎಂದು ಗಾಬರಿಯಾದ. ಸ್ಕೇಲಿನಲ್ಲಿ ಅಳೆಯುವಾಗ ಎಷ್ಟು ನಿಖರವಾಗಿ ಅಳೆಯಲಾದೀತು ಎಂಬ ಚರ್ಚೆ ಅಲ್ಲಿಂದ ಶುರುವಾಗಿ ಉಳಿದ ಇಪ್ಪತ್ತು ನಿಮಿಷವನ್ನು ನುಂಗಿತು. ಅದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ನನ್ನ ಮಟ್ಟಿಗೆ ಬಿ.ಎಡ್. ಎಂದರೆ ಆ ಎರಡು ದಿನ. ಒಂದು ದಿನ ತಪ್ಪು ಮಾಡುವುದು, ಅದನ್ನು ನೋಡುವವರು ಒಬ್ಬರು ಹಿಂದಿನ ಬೆಂಚಿನಲ್ಲಿರುವುದು, ಮರುದಿನ ಅದೇ ಮಕ್ಕಳ ಮುಂದೆ ಮತ್ತೆ ನಿಲ್ಲುವ ಅವಕಾಶ ಸಿಗುವುದು. ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ತರಗತಿಯ ಹಿಂದೆ ಹಾಗೆ ಯಾರೂ ಕೂರುವುದಿಲ್ಲ. ತಪಾಸಣೆಗೆ ಬಂದವರು ನೋಡುವುದು ದಾಖಲೆಗಳನ್ನು.

ಬಿ.ಎಡ್. 2015ರವರೆಗೆ ಒಂದೇ ವರ್ಷದ್ದಾಗಿತ್ತು. ಶಿಕ್ಷಕರ ತರಬೇತಿಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟ ಬಳಿಕ, ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ 2014ರ ನಿಯಮಗಳು ಅದನ್ನು ಎರಡು ವರ್ಷಕ್ಕೆ ಹೆಚ್ಚಿಸಿದವು. ಹೆಚ್ಚಿದ ಅವಧಿಯ ದೊಡ್ಡ ಪಾಲು ಶಾಲೆಗೇ ಸಲ್ಲಬೇಕು: ಒಟ್ಟು 20 ವಾರಗಳ ಇಂಟರ್ನ್‌ಶಿಪ್, ಅದರಲ್ಲಿ ಮೊದಲ ವರ್ಷ ನಾಲ್ಕು ವಾರ, ಎರಡನೆಯ ವರ್ಷ 16 ವಾರ. ತರಗತಿಗಳಿಗೆ ಶೇ. 80ರಷ್ಟು, ಇಂಟರ್ನ್‌ಶಿಪ್‌ಗೆ ಶೇ. 90ರಷ್ಟು ಹಾಜರಾತಿ ಬೇಕೆಂದು ಅದೇ ನಿಯಮ ಹೇಳುತ್ತದೆ. ಸೈದ್ಧಾಂತಿಕ ಪತ್ರಿಕೆಗಳ ಬಗ್ಗೆ ನನಗೆ ಅಷ್ಟೇನೂ ಗೌರವ ಉಳಿದಿಲ್ಲ. ನಮ್ಮಲ್ಲಿ ಮನೋವಿಜ್ಞಾನಿಗಳಾದ ಪಿಯಾಜೆಯನ್ನೂ ವೈಗೋಟ್ಸ್ಕಿಯನ್ನೂ ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸಿನಿಂದ ಓದಿ ಬರೆಸುತ್ತಿದ್ದರು. ಸೂಕ್ಷ್ಮಬೋಧನೆ ಮಾತ್ರ ಆ ಮಾತಿಗೆ ಹೊರತು. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿಕೊಂಡು, ಐದಾರು ನಿಮಿಷದಲ್ಲಿ ಪ್ರಶ್ನೆ ಕೇಳುವುದನ್ನೋ ಕಪ್ಪುಹಲಗೆ ಬಳಸುವುದನ್ನೋ ಒಂದೇ ಕೌಶಲವಾಗಿ ಅಭ್ಯಾಸ ಮಾಡಿ, ಟೀಕೆ ಕೇಳಿಸಿಕೊಂಡು ಮತ್ತೊಮ್ಮೆ ಮಾಡುವ ಪದ್ಧತಿ ಅದು. ಮೊದಲು ನಗು ಬರುತ್ತದೆ. ಆದರೆ ಬೆನ್ನು ತೋರಿಸಿಕೊಂಡೇ ಮಾತಾಡುತ್ತೇನೆ ಎಂಬುದು ನನಗೆ ತಿಳಿದದ್ದು ಅಲ್ಲಿ.

ಈಗ ನೀವು ಕೇಳಿದ, ಹೋಗದಿದ್ದರೂ ಹಾಜರಾತಿ ಹಾಕಿಕೊಡುವ ಆ ಕಾಲೇಜಿನ ವಿಷಯ. ಅಂಥ ಕಡೆ ಸೇರಿದವರನ್ನು ನಾನು ಬಲ್ಲೆ. ನನ್ನ ತಂಡದಲ್ಲಿಯೂ ಹಾಜರಾತಿ ಪುಸ್ತಕದಲ್ಲಿ ಮಾತ್ರ ಇದ್ದ ಕೆಲವರಿದ್ದರು. ಅವರ ಪಾಠಯೋಜನೆಯ ಪುಸ್ತಕಗಳನ್ನು ದುಡ್ಡು ಕೊಟ್ಟು ಬರೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪ್ರಮಾಣಪತ್ರ ಅವರಿಗೂ ಸಿಕ್ಕಿತು, ಅದರಲ್ಲಿ ನನ್ನದಕ್ಕೂ ಅವರದಕ್ಕೂ ವ್ಯತ್ಯಾಸ ಇಲ್ಲ. ಆದರೆ ನೀವು ಹೋಗಬೇಕೆಂದಿರುವ ದಾರಿಯಲ್ಲಿ ಪ್ರಮಾಣಪತ್ರ ಬರೀ ಬಾಗಿಲು. ಆರರಿಂದ ಎಂಟನೆಯ ತರಗತಿಯ ಶಿಕ್ಷಕರಾಗಲು ಟಿಇಟಿಯ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಎರಡನೆಯ ಪತ್ರಿಕೆಯಲ್ಲಿ ಅರ್ಹತೆ ಪಡೆಯಬೇಕು. ಅದು 150 ಅಂಕಗಳ, ಎರಡೂವರೆ ಗಂಟೆಯ ಪರೀಕ್ಷೆ. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ಗಣಿತ–ವಿಜ್ಞಾನಕ್ಕೆ 60 ಅಂಕ, ಎರಡು ಭಾಷೆಗಳಿಗೆ ತಲಾ 30, ಉಳಿದ 30 ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ. ಈ ಕೊನೆಯ ಭಾಗದ ಪ್ರಶ್ನೆಗಳು "ಮಗು ಹೀಗೆ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ" ಎಂಬ ಧಾಟಿಯವು. ಗೈಡು ಓದಿ ಬರೆಯುವವರು ಹೆಚ್ಚಾಗಿ ಇಲ್ಲೇ ಅಂಕ ಬಿಟ್ಟುಕೊಡುತ್ತಾರೆ, ಏಕೆಂದರೆ ನಾಲ್ಕು ಆಯ್ಕೆಗಳೂ ಒಳ್ಳೆಯ ಮಾತಿನಂತೆಯೇ ಕಾಣುತ್ತವೆ. ಒಮ್ಮೆ ಪಡೆದ ಟಿಇಟಿ ಅರ್ಹತೆಗೆ ಮೊದಲು ಏಳು ವರ್ಷದ ಮಿತಿ ಇತ್ತು. 2021ರಿಂದ ಅದು ಜೀವನಪರ್ಯಂತ ಉಳಿಯುತ್ತದೆ. ಟಿಇಟಿಯಾದ ಮೇಲೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಬೇರೆ. ನಾನು ಬರೆದ 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ 15,000 ಹುದ್ದೆಗಳಿಗೆ ಕರೆದಿದ್ದರೂ ಅಷ್ಟೂ ಹುದ್ದೆಗಳು ತುಂಬಲಿಲ್ಲ. ವಿಷಯವನ್ನು ವಿವರಿಸಿ ಬರೆಯಬೇಕಾದ ಪತ್ರಿಕೆಯಲ್ಲಿ ಬಹಳ ಮಂದಿ ಉಳಿದುಹೋದರು.

ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಹುದ್ದೆಗಳಿಗೆ ಡಿ.ಇಎಲ್.ಇಡಿ., ಅಂದರೆ ನಾವು ಈಗಲೂ ಡಿ.ಎಡ್. ಎಂದು ಕರೆಯುವ ತರಬೇತಿಯೇ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ಪ್ರೌಢಶಾಲೆಗೆ ಪದವಿ ಮತ್ತು ಬಿ.ಎಡ್. ಬೇಕು. ನಿಮ್ಮ ಎಂ.ಎಸ್ಸಿ. ನೇರವಾಗಿ ಉಪಯೋಗಕ್ಕೆ ಬರುವುದು ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ. ಅಲ್ಲಿಯೂ ಸ್ನಾತಕೋತ್ತರ ಪದವಿಯ ಜತೆಗೆ ಬಿ.ಎಡ್. ಕೇಳುತ್ತಾ ಬಂದಿದ್ದಾರೆ. ದೂರಶಿಕ್ಷಣದ ಬಿ.ಎಡ್. ಇದೆಯಲ್ಲ ಎಂದು ನಿಮಗನ್ನಿಸಬಹುದು. ಅದು ಸೇವೆಯಲ್ಲಿರುವ ತರಬೇತಾದ ಪ್ರಾಥಮಿಕ ಶಿಕ್ಷಕರಿಗೆ ಅಥವಾ ಡಿ.ಎಡ್.ನಂಥ ತರಬೇತಿಯನ್ನು ಕಾಲೇಜಿಗೆ ಹೋಗಿಯೇ ಮುಗಿಸಿದವರಿಗೆ ಮಾತ್ರ.

ಸ್ನಾತಕೋತ್ತರ ಪದವೀಧರರಿಗೆ ಒಂದೇ ವರ್ಷದ ಬಿ.ಎಡ್. ಬರಲಿದೆ ಎಂಬ ಸುದ್ದಿಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ಎನ್‌ಸಿಟಿಇ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಕರಡು ನಿಯಮಗಳಲ್ಲಿ ಸ್ನಾತಕೋತ್ತರ ಪದವೀಧರರಿಗೂ ನಾಲ್ಕು ವರ್ಷದ ಪದವಿ ಮುಗಿಸಿದವರಿಗೂ ಅಂಥ ಕೋರ್ಸಿನ ಪ್ರಸ್ತಾಪವಿದೆ. ಆದರೆ ಕರಡು ನಿಯಮವಾಗಿ, ಅದರಂತೆ ಪಠ್ಯಕ್ರಮವಾಗಿ, ಕಾಲೇಜಿಗೆ ಮಾನ್ಯತೆ ಸಿಕ್ಕಿ, ಆಮೇಲೆ ಪ್ರವೇಶ ಶುರುವಾಗಬೇಕು. ಅದನ್ನು ನೆಚ್ಚಿಕೊಂಡು ಈ ವರ್ಷದ ಅರ್ಜಿ ಬಿಡುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ.

ದಾವಣಗೆರೆ ಮತ್ತು ಚಿತ್ರದುರ್ಗ ಎರಡೂ ಜಿಲ್ಲೆಗಳು ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೇ ಬರುತ್ತವೆ. 2009ಕ್ಕೆ ಮೊದಲು ನಮ್ಮ ಹಿರಿಯ ಸಹೋದ್ಯೋಗಿಗಳೆಲ್ಲ ಕುವೆಂಪು ವಿಶ್ವವಿದ್ಯಾನಿಲಯದ ಪ್ರಮಾಣಪತ್ರ ಪಡೆದವರು. ಹಾಗಾಗಿ ಜಗಳೂರಿನಿಂದ ನೀವು ದಾವಣಗೆರೆಗೆ ಬಂದರೂ ಚಿತ್ರದುರ್ಗಕ್ಕೆ ಹೋದರೂ ವಿಶ್ವವಿದ್ಯಾನಿಲಯ ಒಂದೇ, ಬಸ್ಸು ಯಾವುದಕ್ಕೆ ಅನುಕೂಲವೋ ನೋಡಿಕೊಳ್ಳಿ. ಸರ್ಕಾರಿ ಕೋಟಾದ ಸೀಟುಗಳಿಗೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅರ್ಜಿ ಕರೆಯುತ್ತದೆ. ಪ್ರವೇಶ ಪರೀಕ್ಷೆ ಇಲ್ಲ, ಅಂಕಗಳ ಆಧಾರದ ಮೇಲೆ ಆಯ್ಕೆ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿ ಎರಡೇ ಪ್ರಶ್ನೆ ಕೇಳಿ: ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ಪಾಠ ನೋಡಲು ಉಪನ್ಯಾಸಕರು ಎಷ್ಟು ಸಲ ಬಂದರು, ಬಂದಾಗ ಗಂಟೆ ಪೂರ್ತಿ ಕುಳಿತರಾ? ಬಂದು ಸಹಿ ಹಾಕಿ ಹೋದರು ಎಂಬ ಉತ್ತರ ಬಂದರೆ ಇನ್ನೊಂದು ಕಾಲೇಜು ನೋಡಿ. ನನ್ನ ಗೆಳತಿಯೊಬ್ಬಳನ್ನು ಹಾಕಿದ್ದ ಶಾಲೆಯಲ್ಲಿ ಹದಿನಾರು ವಾರವೂ ಮಕ್ಕಳ ವಿವರಗಳನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸವನ್ನೇ ಕೊಟ್ಟಿದ್ದರು. ಕಾಲೇಜಿನಿಂದ ಕೇಳುವವರು ಇರಲಿಲ್ಲ.

ವಿಧಾನ ವಿಷಯಗಳನ್ನು, ಅಂದರೆ ಬೋಧನಾ ವಿಧಾನ ಕಲಿಯುವ ವಿಷಯಗಳನ್ನು, ಎರಡು ಆರಿಸಬೇಕಾಗುತ್ತದೆ. ನಿಮ್ಮ ಬಿ.ಎಸ್ಸಿ.ಯಲ್ಲಿ ಗಣಿತದ ಜತೆಗೆ ಭೌತಶಾಸ್ತ್ರ ಇದ್ದರೆ ಆ ಎರಡನ್ನೇ ತೆಗೆದುಕೊಳ್ಳಿ, ಏಕೆಂದರೆ ನೇಮಕಾತಿ ಅಧಿಸೂಚನೆಯಲ್ಲಿ ಪದವಿಯ ಐಚ್ಛಿಕ ವಿಷಯಗಳನ್ನು ನೋಡುತ್ತಾರೆ, ಎಂ.ಎಸ್ಸಿ.ಯ ಒಂದೇ ವಿಷಯವನ್ನಲ್ಲ.

ಟ್ಯೂಷನ್ ಬಿಟ್ಟರೆ ಖರ್ಚಿಗೆ ಏನು ಮಾಡಲಿ ಎಂದು ಕೊನೆಯಲ್ಲಿ ಬರೆದಿದ್ದೀರಿ. ಮೊದಲ ವರ್ಷ ಸಂಜೆ ಒಂದು ತಂಡ ಇಟ್ಟುಕೊಳ್ಳಬಹುದು, ನಾನೂ ವಿದ್ಯಾನಗರದಲ್ಲಿ ಇಟ್ಟುಕೊಂಡಿದ್ದೆ. ಇಂಟರ್ನ್‌ಶಿಪ್‌ನ ಆ 16 ವಾರ ಮಾತ್ರ ನಿಲ್ಲಿಸಿಬಿಡಿ. ಹಗಲು ಮಕ್ಕಳು ಕೇಳಿದ ಪ್ರಶ್ನೆಗೆ ಮರುದಿನದ ಪಾಠಯೋಜನೆಯಲ್ಲಿ ಉತ್ತರ ಹುಡುಕಲು ರಾತ್ರಿ ಹತ್ತೂವರೆ ಆಗುತ್ತದೆ, ಕೆಲವು ದಿನ ಲಗ್ನಪತ್ರಿಕೆಗಳನ್ನು ಕತ್ತರಿಸುವುದೇ ಹನ್ನೊಂದರವರೆಗೆ ಹಿಡಿಯುತ್ತದೆ.