ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗೆ ಇಂಜಿನ್ ಆಯಿಲ್, ಗೇರ್ ಆಯಿಲ್ ಯಾವುದು ಹಾಕಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಮೊದಲ ಗಾಡಿ ಕಣ್ಣ ಮುಂದೆ ಬಂತು. ನೀವು ಹೇಳಿರುವುದು ಇಷ್ಟು: 1992ರ ಡೀಸೆಲ್ ಗಾಡಿ, ಮ್ಯಾನುಯಲ್ ಗೇರ್, ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವಂಥದ್ದು, 2.8 ಲಕ್ಷ ಕಿ.ಮೀ. ಓಡಿದೆ. ಇಂಜಿನ್‌ಗೆ ದಪ್ಪನೆಯ 20ಡಬ್ಲ್ಯೂ-50 ಹಾಕಬೇಕಾ, ಅದಕ್ಕಿಂತ ತೆಳುವಾದ 15ಡಬ್ಲ್ಯೂ-40 ಸಾಕಾ, ಸಿಂಥೆಟಿಕ್‌ಗೆ ಹೋಗಬೇಕಾ ಅನ್ನುವ ಗೊಂದಲ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳ ಕಡೆಗೆ ಕಳಿಸುವ ಪೆಟ್ಟಿಗೆ), ಎರಡು ಡಿಫರೆನ್ಷಿಯಲ್ (ಆ ಬಲವನ್ನು ಎಡ, ಬಲ ಚಕ್ರಗಳಿಗೆ ಹಂಚುವ ಗೇರ್‌ಗಳು), ಎಲ್ಲಕ್ಕೂ ಒಂದೇ 80ಡಬ್ಲ್ಯೂ-90 ಜಿಎಲ್-5 (ಜಿಎಲ್ ಅನ್ನುವುದು ಗೇರ್ ಆಯಿಲಿನ ದರ್ಜೆ) ಹಾಕಿಬಿಡೋಣ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಬೆಳಿಗ್ಗೆ ಎರಡನೇ ಗೇರ್ ಹಾಕುವಾಗ ಕಟಕಟ ಅನ್ನುತ್ತದೆ. ಜೊತೆಗೆ ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ.

ಗೇರ್‌ಬಾಕ್ಸ್‌ನಿಂದಲೇ ಶುರು ಮಾಡುತ್ತೇನೆ. ಇಂಜಿನ್ ಆಯಿಲ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಹಳೆ ಇಂಜಿನ್ ತಡೆದುಕೊಳ್ಳುತ್ತದೆ. ಗೇರ್‌ಬಾಕ್ಸ್‌ಗೆ ತಪ್ಪು ಆಯಿಲ್ ಬಿದ್ದರೆ ಒಳಗೆ ಏನಾಗುತ್ತಿದೆ ಅಂತ ತಿಂಗಳುಗಟ್ಟಲೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವ ಹೊತ್ತಿಗೆ ಬಾಕ್ಸ್ ಇಳಿಸಲೇಬೇಕಾದ ಪರಿಸ್ಥಿತಿ ಬಂದಿರುತ್ತದೆ. ನನಗೆ ಆಗಿದ್ದೂ ಅದೇ.

ನನ್ನ ಗಾಡಿಗೂ ಒಂದು ಗ್ಯಾರೇಜಿನಲ್ಲಿ ಎಲ್ಲಾ ಕಡೆ ಜಿಎಲ್-5 ತುಂಬಿದ್ದರು. ಜಿಎಲ್-5ಕ್ಕಿಂತ ಜಿಎಲ್-4 ಹಳೆಯ ದರ್ಜೆ, ಹಾಗಾಗಿ ಐದು ಒಳ್ಳೆಯದು ಅಂತ ನಾನೂ ನಂಬಿದ್ದೆ. ಕೆಲವು ತಿಂಗಳಾದ ಮೇಲೆ ಎರಡನೇ ಗೇರ್ ನಿಮ್ಮದರ ಹಾಗೇ ಸದ್ದು ಮಾಡಲು ಶುರುವಾಯಿತು. ಒಂದು ಭಾನುವಾರ ನಾನೇ ಕೆಳಗೆ ಮಲಗಿ ಡ್ರೈನ್ ಪ್ಲಗ್ ಬಿಚ್ಚಿದೆ. ಟ್ರೇಯಲ್ಲಿ ಬಿದ್ದ ಆಯಿಲ್ ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿ ಕಲಸಿದ ಹಾಗೆ ಮಿನುಗುತ್ತಿತ್ತು. ಬೆರಳಲ್ಲಿ ಉಜ್ಜಿದರೆ ತರಿ ಇಲ್ಲ, ಬರೀ ಮಿನುಗು. ಮ್ಯಾಗ್ನೆಟ್ ಹಿಡಿದರೆ ಅಂಟಲಿಲ್ಲ. ಅದು ಕಬ್ಬಿಣ ಅಲ್ಲ, ಹಿತ್ತಾಳೆ. ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಸಿಂಕ್ರೊನೈಸರ್ ರಿಂಗ್‌ಗಳು ಸವೆದು ಆಯಿಲ್‌ಗೆ ಬಂದಿದ್ದವು.

ಹೀಗೇಕೆ ಆಗುತ್ತದೆ ಅಂತ ಹೇಳುತ್ತೇನೆ. ಡಿಫರೆನ್ಷಿಯಲ್‌ನಲ್ಲಿ ಇರುವುದು ಹೆಚ್ಚಾಗಿ ಹೈಪಾಯ್ಡ್ ಗೇರ್. ಅಂದರೆ ಪಿನಿಯನ್ ಅನ್ನುವ ಚಿಕ್ಕ ಗೇರು ಕ್ರೌನ್ ವೀಲ್ ಅನ್ನುವ ದೊಡ್ಡ ಗೇರಿನ ನಡುವಿಗೆ ಸರಿಯಾಗಿ ಇರದೆ ಸ್ವಲ್ಪ ಕೆಳಗೋ ಮೇಲಕ್ಕೋ ಸರಿದಿರುತ್ತದೆ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರೀ ಒತ್ತಡದಲ್ಲಿ ಜಾರುತ್ತವೆ ಕೂಡ. ಆ ಒತ್ತಡಕ್ಕೆ ಆಯಿಲ್ ಪದರ ಹರಿದುಹೋಗುತ್ತದೆ. ಆಗ ಉಕ್ಕಿಗೆ ಉಕ್ಕು ತಾಗದಂತೆ ಕಾಯಲು ಜಿಎಲ್-5ರಲ್ಲಿ ಗಂಧಕ, ರಂಜಕದ ಅಡಿಟಿವ್‌ಗಳನ್ನು ಜಾಸ್ತಿ ಹಾಕಿರುತ್ತಾರೆ. ಅವು ಬಿಸಿಗೆ ಉಕ್ಕಿನ ಮೇಲೆ ಒಂದು ತೆಳು ಪೊರೆ ಕಟ್ಟುತ್ತವೆ. ಸವೆಯುವುದು ಆ ಪೊರೆ, ಹಲ್ಲು ಉಳಿಯುತ್ತದೆ. ಉಕ್ಕಿಗೆ ಇದು ವರ. ಹಿತ್ತಾಳೆ ಮೆತ್ತಗಿನ ಲೋಹ. ಅದರ ಮೇಲೂ ಅದೇ ಪೊರೆ ಕಟ್ಟಿದರೆ, ಕಿತ್ತುಬರುವಾಗ ಹಿತ್ತಾಳೆಯ ಚೂರನ್ನೂ ಜೊತೆಗೆ ಕಿತ್ತುಕೊಂಡು ಬರುತ್ತದೆ.

ಈಗಿನ ಜಿಎಲ್-5 ಆಯಿಲ್‌ಗಳಲ್ಲಿ ಹಿತ್ತಾಳೆಯನ್ನು ತಿನ್ನುವ ಗುಣ ಮೊದಲಿನಷ್ಟು ಇಲ್ಲ, ನಿಜ. ಆದರೂ ಇನ್ನೊಂದು ತೊಂದರೆ ಉಳಿಯುತ್ತದೆ. ಸಿಂಕ್ರೊ ರಿಂಗ್ ಕೆಲಸ ಮಾಡುವುದೇ ಉಜ್ಜಾಟದಿಂದ. ಅದು ಒಂದು ಪುಟ್ಟ ಬ್ರೇಕ್ ಇದ್ದ ಹಾಗೆ. ಗೇರಿನ ಕೋನ್ ಮೇಲೆ ಒತ್ತಿ, ಎರಡರ ವೇಗ ಒಂದು ಮಾಡಿ, ಆಮೇಲೆ ಗೇರ್ ಒಳಗೆ ಬಿಡುತ್ತದೆ. ಆಯಿಲ್ ವಿಪರೀತ ಜಾರಿದರೆ ಆ ಬ್ರೇಕ್ ಹಿಡಿಯುವುದಿಲ್ಲ. ವೇಗ ಕೂಡುವ ಮೊದಲೇ ಹಲ್ಲಿಗೆ ಹಲ್ಲು ಹೊಡೆಯುತ್ತದೆ. ನಿಮಗೆ ಕೇಳುತ್ತಿರುವ ಕಟಕಟ ಅದೇ ಇರಬಹುದು.

ಹಾಗಾಗಿ ನಿಮ್ಮ ಮೆಕ್ಯಾನಿಕ್ ಹೇಳಿದ್ದನ್ನು ಗೇರ್‌ಬಾಕ್ಸ್ ಮಟ್ಟಿಗೆ ದಯವಿಟ್ಟು ಒಪ್ಪಬೇಡಿ. ಅಲ್ಲಿಗೆ 75ಡಬ್ಲ್ಯೂ-90 ಜಿಎಲ್-4 ನೋಡಿ. 80ಡಬ್ಲ್ಯೂ-90ಗಿಂತ ಇದು ತಣ್ಣಗಿರುವಾಗ ಬೇಗ ಹರಿಯುತ್ತದೆ, ಬೆಳಗಿನ ಮೊದಲ ಹತ್ತು ನಿಮಿಷದಲ್ಲಿ ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಆದರೆ ಕೊಳ್ಳುವ ಮೊದಲು ನಿಮ್ಮ ಮಾಡೆಲ್ಲಿನ ಕೈಪಿಡಿ ಒಮ್ಮೆ ಹುಡುಕಿ ನೋಡಿ. ಎಲ್ಲಾ ಮ್ಯಾನುಯಲ್ ಬಾಕ್ಸೂ ಗೇರ್ ಆಯಿಲ್ ಕುಡಿಯುವುದಿಲ್ಲ. ಲ್ಯಾಂಡ್ ರೋವರ್‌ನ ಎಲ್‌ಟಿ77 ಮ್ಯಾನುಯಲ್ ಬಾಕ್ಸ್ ಆಗಿದ್ದರೂ ಅದಕ್ಕೆ ಹಾಕುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್, ಎಟಿಎಫ್. ಅಂಥದ್ದಕ್ಕೆ 90 ನಂಬರಿನ ಆಯಿಲ್ ತುಂಬಿದರೆ ಚಳಿಯಲ್ಲಿ ಗೇರ್ ಲಿವರ್ ಗುದ್ದಾಡಿಸಬೇಕಾಗುತ್ತದೆ. ಇನ್ನು ಡಬ್ಬದ ಮೇಲೆ ‘ಜಿಎಲ್-4/ಜಿಎಲ್-5’ ಅಂತ ಎರಡೂ ಬರೆದಿದ್ದರೆ ನಾನು ಅದನ್ನು ಜಿಎಲ್-5 ಅಂತಲೇ ಲೆಕ್ಕ ಹಾಕುತ್ತೇನೆ, ಹಿತ್ತಾಳೆ ರಿಂಗ್ ಇರುವ ಹಳೆ ಬಾಕ್ಸಿಗೆ ಹಾಕುವುದಿಲ್ಲ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಸರಿಯಾದ ಆಯಿಲ್ ಹಾಕಿದ ಮೇಲೆ ನನ್ನ ಗಾಡಿಯ ಸದ್ದು ಅರ್ಧಕ್ಕರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಸವೆದ ಹಿತ್ತಾಳೆ ಆಯಿಲ್ ಬದಲಿಸಿದರೆ ವಾಪಸ್ ಬರುವುದಿಲ್ಲ ಅಲ್ವಾ? ನಿಮ್ಮದು ತಣ್ಣಗಿದ್ದಾಗ ಮಾತ್ರ ಸದ್ದು ಮಾಡಿ, ಬಿಸಿಯಾದ ಮೇಲೆ ಸುಮ್ಮನಾಗುತ್ತಿದ್ದರೆ ಆಯಿಲ್‌ನಿಂದಲೇ ಸರಿಹೋಗುವ ಸಾಧ್ಯತೆ ಜಾಸ್ತಿ. ಬಿಸಿಯಾದ ಮೇಲೂ ಬಿಡದಿದ್ದರೆ ರಿಂಗ್ ಸವೆದಿದೆ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಡಿಫರೆನ್ಷಿಯಲ್ ಎರಡಕ್ಕೂ ಮಾತ್ರ ಜಿಎಲ್-5 ಬೇಕೇ ಬೇಕು. ಉಳಿದಿದೆ ಅಂತ ಜಿಎಲ್-4 ಅಲ್ಲಿಗೆ ಸುರಿಯಬೇಡಿ, ಕ್ರೌನ್-ಪಿನಿಯನ್ ಹಲ್ಲು ಗೀರುಬೀಳುತ್ತದೆ. 80ಡಬ್ಲ್ಯೂ-90 ಸಾಕು. ಸದಾ ಭಾರ ಎಳೆಯುವ ಗಾಡಿ, ಬಿಸಿ ಊರು ಆದರೆ 85ಡಬ್ಲ್ಯೂ-140ಕ್ಕೆ ಹೋಗುವವರಿದ್ದಾರೆ, ಅದಕ್ಕೂ ಕೈಪಿಡಿ ಒಪ್ಪಿರಬೇಕು. ಹಿಂದಿನ ಡಿಫರೆನ್ಷಿಯಲ್ (ಡಿಫ್) ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ಮನೆ ತಿರುಗದಂತೆ ಪ್ಲೇಟುಗಳಿಂದ ತಡೆಯುವಂಥದ್ದು ಆಗಿದ್ದರೆ ಡಬ್ಬದ ಮೇಲೆ ‘ಎಲ್‌ಎಸ್’ ಅಂತ ಇರುವುದನ್ನೇ ತನ್ನಿ. ಇಲ್ಲದಿದ್ದರೆ ತಿರುವಿನಲ್ಲಿ ಒಳಗಿನ ಪ್ಲೇಟುಗಳು ಹಿಡಿದು ಬಿಟ್ಟು ಮಾಡಿ ಗಾಡಿ ಗಡಗಡ ನಡುಗುತ್ತದೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಚೈನ್ ಇದ್ದರೆ ಸಾಮಾನ್ಯವಾಗಿ ಎಟಿಎಫ್, ಪೂರ್ತಿ ಗೇರ್ ಇದ್ದರೆ ಗೇರ್ ಆಯಿಲ್.

ಇದೆಲ್ಲಾ ಮಾಡುವಾಗ ಒಂದು ಕೆಲಸ ಮರೆಯಲೇಬೇಡಿ. ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ. ಮೂವತ್ತು ವರ್ಷದ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಳೆ ಆಯಿಲ್ ಎಲ್ಲಾ ಇಳಿಸಿ ಆದ ಮೇಲೆ ಮೇಲಿನದು ಬರಲಿಲ್ಲ ಅಂದರೆ ಗಾಡಿ ನಿಂತಲ್ಲೇ ನಿಲ್ಲಬೇಕು. ತುಂಬುವಾಗ ಗಾಡಿ ಸಮತಟ್ಟಾದ ನೆಲದ ಮೇಲಿರಲಿ. ಹೆಚ್ಚಿನ ಬಾಕ್ಸುಗಳಲ್ಲಿ ಫಿಲ್ಲರ್ ತೂತಿನ ಕೆಳ ಅಂಚಿಗೆ ಆಯಿಲ್ ಬಂದು ಹೊರಗೆ ಜಿನುಗಿದರೆ ಸರಿಯಾಯಿತು ಅಂತ ಅರ್ಥ. ಕಿರುಬೆರಳು ಒಳಗೆ ಬಗ್ಗಿಸಿದರೆ ತುದಿಗೆ ಆಯಿಲ್ ಹತ್ತಬೇಕು. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಬಣ್ಣದ ಕೆಸರು ಇದ್ದರೆ ಹೆದರಬೇಡಿ, ಅದು ಇರುವುದೇ. ಸೂಜಿಯಂಥ ಚೂರು, ಹಲ್ಲಿನ ತುಂಡು ಸಿಕ್ಕರೆ ಮಾತ್ರ ಬಿಚ್ಚಿಸಿ.

ಡಿಫ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ನೀರು ದಾಟುವ ಗಾಡಿಗಳಲ್ಲಿ ಇದು ಬಹಳ. ಓಡಿ ಬಿಸಿಯಾದ ಡಿಫ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಒಳಗೆ ಹೊರಗೆ ಆಡುವ ಬ್ರೀದರ್ ಮಣ್ಣು ಕಟ್ಟಿ ಮುಚ್ಚಿದ್ದರೆ ಗಾಳಿ ಬರಲು ದಾರಿಯಿಲ್ಲ, ಆಗ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಎಂಥ ಒಳ್ಳೆ ಆಯಿಲ್ ಹಾಕಿದ್ದರೂ ಅಲ್ಲಿಗೆ ಮುಗಿಯಿತು. ಆಯಿಲ್ ಬದಲಿಸುವ ದಿನವೇ ಬ್ರೀದರ್ ಬಿಚ್ಚಿ, ಊದಿ ನೋಡಿ.

ಈಗ ಇಂಜಿನ್. 1992ರ ಕಾಲದ ಡೀಸೆಲ್ ಇಂಜಿನ್‌ಗೆ 15ಡಬ್ಲ್ಯೂ-40 ಮಿನರಲ್ ಆಯಿಲ್ (ಸಿಂಥೆಟಿಕ್ ಅಲ್ಲದ್ದು) ಬಹುಪಾಲು ಸರಿಯಾಗಿ ಹೊಂದುತ್ತದೆ. ಡಬ್ಬದ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಸಿಐ-4 ಅಂತ ಇರುವುದನ್ನು ನೋಡಿ. 2002ರಲ್ಲಿ ಬಂದ ದರ್ಜೆ ಇದು, ನಿಮ್ಮ ಗಾಡಿ ಹುಟ್ಟಿದಾಗ ಇದ್ದ ದರ್ಜೆಗಳಿಗಿಂತ ಮಸಿ ಹಿಡಿದಿಡುವುದರಲ್ಲಿ ಮೇಲು. ಆಮೇಲೆ ಬಂದ ಸಿಜೆ-4, ಸಿಕೆ-4ರಲ್ಲಿ ಹೊಗೆ ಫಿಲ್ಟರ್ ಇರುವ ಹೊಸ ಗಾಡಿಗಳಿಗಾಗಿ ಬೂದಿಯ ಅಂಶಕ್ಕೆ ಮಿತಿ ಹಾಕಿದ್ದಾರೆ. ಸಿಕೆ-4 ಹಾಕಿದರೂ ತಪ್ಪೇನಿಲ್ಲ, ಆದರೆ ಆ ಫಿಲ್ಟರೇ ಇಲ್ಲದ ಗಾಡಿಗೆ ಅದರ ಹಿಂದೆ ಬೀಳುವ ಅಗತ್ಯ ನನಗೆ ಕಾಣುವುದಿಲ್ಲ. ಎಫ್‌ಎ-4 ಅಂತ ಇದ್ದರೆ ಮಾತ್ರ ಮುಟ್ಟಬೇಡಿ. ಅದು ಹೊಸ ಇಂಜಿನ್‌ಗಳಿಗೆ ಮಾಡಿದ ತೆಳು ಆಯಿಲ್.

20ಡಬ್ಲ್ಯೂ-50 ಬಗ್ಗೆ ಕೇಳಿದ್ದೀರಿ. ಹಳೆ ಇಂಜಿನ್‌ಗೆ ದಪ್ಪ ಆಯಿಲ್ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ನನ್ನ ಅಭಿಪ್ರಾಯ ಬೇರೆ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಪ್ರೆಶರ್ ನಿಜವಾಗಿ ಎಷ್ಟಿದೆ ಅಂತ ಮೊದಲು ಮೆಕ್ಯಾನಿಕಲ್ ಗೇಜ್ ಹಾಕಿಸಿ ಅಳೆಸಿ, ಡ್ಯಾಶ್‌ಬೋರ್ಡಿನ ಮುಳ್ಳು ನಂಬಬೇಡಿ. ಪ್ರೆಶರ್ ಸರಿ ಇದ್ದರೆ 15ಡಬ್ಲ್ಯೂ-40ರಲ್ಲೇ ಇರಿ. ದಪ್ಪ ಆಯಿಲ್ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ರಾಕರ್‌ಗಳಿಗೆ, ಟರ್ಬೊ ಇದ್ದರೆ ಅದಕ್ಕೂ, ತಡವಾಗಿ ತಲುಪುತ್ತದೆ. ಸವೆತ ಹೆಚ್ಚಾಗುವುದು ಆ ಗಳಿಗೆಯಲ್ಲೇ. ಪ್ರೆಶರ್ ಕಡಿಮೆ ಬಂದರೆ, ಬೇಸಿಗೆಯ ಬಿಸಿಯೂ ಜೋರಿದ್ದರೆ 20ಡಬ್ಲ್ಯೂ-50 ಹಾಕಿ ಸ್ವಲ್ಪ ದಿನ ಓಡಿಸಬಹುದು. ಆದರೆ ಬೇರಿಂಗ್ ಸವೆತ ಅದರಿಂದ ವಾಸಿಯಾಗುವುದಿಲ್ಲ.

ಅಂದಹಾಗೆ ಇಂಜಿನ್ ಆಯಿಲ್ ನಂಬರಿಗೂ ಗೇರ್ ಆಯಿಲ್ ನಂಬರಿಗೂ ಅಳತೆಗೋಲು ಬೇರೆ ಬೇರೆ. ಗೇರ್ ಆಯಿಲಿನ 90 ಕೇಳಿದರೆ ಇಂಜಿನ್ ಆಯಿಲಿನ 40ಕ್ಕಿಂತ ಎರಡು ಪಟ್ಟು ದಪ್ಪ ಅನ್ನಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರೆ 40 ಅಂದರೆ 12.5ರಿಂದ 16.3 ಸೆಂಟಿಸ್ಟೋಕ್ (ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಅಳತೆ), 90 ಅಂದರೆ 13.5ರಿಂದ 18.5. ಎರಡೂ ಅಕ್ಕಪಕ್ಕದವು.

ಸಿಂಥೆಟಿಕ್ ಹಾಕಿದರೆ ಹಳೆ ಸೀಲ್ ಸೋರುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಚೆನ್ನಾಗಿರುವ ಸೀಲನ್ನು ಅದು ಹಾಳು ಮಾಡುವುದಿಲ್ಲ. ಗಟ್ಟಿಯಾಗಿ ಬಿರುಕು ಬಿಟ್ಟು, ಕೊಳೆಯ ಆಸರೆಯಲ್ಲಿ ನಿಂತಿದ್ದ ಸೀಲ್ ಇದ್ದರೆ ಅದನ್ನು ಬಯಲಿಗೆ ತರಬಹುದು. ವಿಪರೀತ ಚಳಿಯ ಜಾಗ ಅಲ್ಲದಿದ್ದರೆ ನಾನಂತೂ ಆ ದುಡ್ಡನ್ನು ಮಿನರಲ್ ಆಯಿಲ್ ಬೇಗ ಬೇಗ ಬದಲಿಸಲು ಬಳಸುತ್ತೇನೆ. ನನ್ನ ಲೆಕ್ಕ 5,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು, ಫಿಲ್ಟರ್ ಸಮೇತ. ಗಾಡಿ ನಿಂತೇ ಇದ್ದರೂ ಆಯಿಲ್‌ನಲ್ಲಿ ತೇವ, ಆಮ್ಲ ಸೇರುತ್ತವೆ. ಇಂಜಿನ್ ಫ್ಲಶ್ ಮಾತ್ರ ಬೇಡ. ವರ್ಷಗಳ ಕೆಸರು ಒಂದೇ ಸಲ ಕಳಚಿ ಸಂಪಿನ ಜರಡಿಗೆ ಅಡ್ಡ ನಿಂತರೆ ಇಂಜಿನ್‌ಗೆ ಆಯಿಲೇ ಹೋಗುವುದಿಲ್ಲ.

ಕೊನೆಗೆ ಆ ಮಾಯವಾಗುವ ಆಯಿಲ್. ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಬೆನ್ನಿಗೆ ನೇರವಾಗಿ ಅಂಟಿಕೊಂಡಿದ್ದರೆ, ಎರಡರ ನಡುವೆ ಶಾಫ್ಟ್ ಹಾದುಹೋಗುವಲ್ಲಿ ಒಂದು ಸೀಲ್ ಇರುತ್ತದೆ. ಅದು ಸವೆದರೆ ಆಯಿಲ್ ಹೊರಗೆ ಬೀಳದೆ ಟ್ರಾನ್ಸ್‌ಫರ್ ಕೇಸಿಗೆ ದಾಟುತ್ತದೆ. ಗಾಡಿ ತಣ್ಣಗಿರುವಾಗ, ಕೆಳಗೆ ಟ್ರೇ ಇಟ್ಟು, ಟ್ರಾನ್ಸ್‌ಫರ್ ಕೇಸಿನ ಫಿಲ್ಲರ್ ಪ್ಲಗ್ ಮೆಲ್ಲಗೆ ಸಡಿಲಿಸಿ. ಜಿನುಗುವ ಬದಲು ಸುರಿದರೆ ಕಳ್ಳ ಸಿಕ್ಕ ಹಾಗೆ. ಸುರಿದದ್ದನ್ನು ಅಳೆದು ಬರೆದಿಡಿ, ಗೇರ್‌ಬಾಕ್ಸಿಗೆ ಅಷ್ಟೇ ಹಿಡಿಯಿತಾ ನೋಡಿ. ಸೀಲ್ ಬದಲಿಸುವವರೆಗೆ, ಕೈಪಿಡಿ ಎರಡಕ್ಕೂ ಒಪ್ಪಿದರೆ, ಎರಡಕ್ಕೂ ಒಂದೇ ಜಿಎಲ್-4 ಹಾಕಿ. ಆಗ ಬೆರೆತರೂ ತೊಂದರೆಯಿಲ್ಲ. 1,000 ಕಿ.ಮೀ.ಗೊಮ್ಮೆ ಎರಡರ ಮಟ್ಟವನ್ನೂ ನೋಡುತ್ತಿರಿ. ಪ್ಲಗ್ ಬಿಚ್ಚಿದಾಗ ಏನು ಕಂಡಿತು, ಆಯಿಲ್ ಯಾವ ಬಣ್ಣ ಇತ್ತು ಅಂತ ಇಲ್ಲೇ ಬರೆಯಿರಿ, ಮುಂದಿನದು ನೋಡೋಣ.