ಓ ಗುಂಪಿನವರಿಗೆ ವೈರಸ್ ತಗಲುವುದಿಲ್ಲವೇ?

ಪ್ರಶ್ನೆ: ಡಾಕ್ಟ್ರೇ, ನನ್ನದು ಓ ಪಾಸಿಟಿವ್, ನಮ್ಮ ಮನೆಯವರದು ಎ ಪಾಸಿಟಿವ್. ಕೊರೊನಾ ಬಂದಾಗ ಅವರು ಆಸ್ಪತ್ರೆ ಸೇರಬೇಕಾಯಿತು. ನನಗೆ ಎರಡು ದಿನ ಜ್ವರ ಬಂದು ಹೋಯಿತು, ಅಷ್ಟೇ. ಓ ಗುಂಪಿನವರಿಗೆ ವೈರಸ್ ತಗಲಲ್ಲ ಅಂತ ವಾಟ್ಸಾಪ್‌ನಲ್ಲಿ ಓದಿದ್ದೆ. ಈಗ ನಮ್ಮ ಬೀದಿಯಲ್ಲಿ ಡೆಂಗಿ ಇದೆ. ನಾನು ನಿಶ್ಚಿಂತೆಯಾಗಿ ಇರಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಬೇಡ. ಡೆಂಗಿ ವಿಷಯದಲ್ಲಿ ರಕ್ತದ ಗುಂಪು ನೋಡಿ ಯಾರಿಗೂ ರಿಯಾಯಿತಿ ಕೊಡುವಂತಿಲ್ಲ. ಕರ್ನಾಟಕದಲ್ಲಿ ಓ ಗುಂಪಿನವರೇ ಜಾಸ್ತಿ. ಇಲ್ಲಿ ಮಳೆಗಾಲ ಬಂದರೆ ಡೆಂಗಿ ವಾರ್ಡುಗಳು ತುಂಬುತ್ತವೆ ಅಲ್ವಾ?

ಹಾಗಂತ ನೀವು ಓದಿದ್ದು ಪೂರ್ತಿ ಕಟ್ಟುಕಥೆಯಲ್ಲ. ಎ, ಬಿ, ಓ ಅನ್ನುವುದು ಕೆಂಪು ರಕ್ತಕಣದ ಮೈಮೇಲಿರುವ ಸಕ್ಕರೆ ಅಣುಗಳಲ್ಲಿನ ವ್ಯತ್ಯಾಸ. ಈ ಅಣುಗಳು ರಕ್ತದಲ್ಲಷ್ಟೇ ಇರುವುದಿಲ್ಲ. ಬಹಳ ಜನರಲ್ಲಿ ಕರುಳಿನ ಒಳಪದರ, ಶ್ವಾಸನಾಳ, ಎಂಜಲಿನಲ್ಲೂ ಇರುತ್ತವೆ. ಕೆಲವು ವೈರಸ್‌ಗಳು ಇವನ್ನೇ ಹಿಡಿದುಕೊಂಡು ಒಳಗೆ ಬರುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ನೊರೊವೈರಸ್. ವಾಂತಿ ಭೇದಿ ತರುವ ವೈರಸ್ ಇದು. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಬಹಳ ಮಕ್ಕಳಿಗೆ ವಾಂತಿ ಶುರುವಾಯಿತು. ಆ ಊರಿನ ಹೆಸರೇ ವೈರಸ್‌ಗೆ ಅಂಟಿಕೊಂಡಿತು. ಮುಂದೆ ಒಪ್ಪಿ ಬಂದ ಸ್ವಯಂಸೇವಕರಿಗೆ ಇದೇ ವೈರಸ್ ಕುಡಿಸಿ ಪರೀಕ್ಷೆ ಮಾಡಿದರು. ಕೆಲವರಿಗೆ ಎಷ್ಟು ಕುಡಿಸಿದರೂ ಏನೂ ಆಗಲಿಲ್ಲ! ಕಾರಣ ಸ್ಪಷ್ಟವಾಗಿದ್ದು 2003ರಲ್ಲಿ. ಅವರಲ್ಲಿ ಎಫ್‌ಯುಟಿ2 ಎಂಬ ಜೀನ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಈ ಅಣುಗಳು ಕರುಳಿನ ಒಳಪದರದಲ್ಲಿ ತಯಾರಾಗುತ್ತಿರಲಿಲ್ಲ. ವೈರಸ್‌ಗೆ ಹಿಡಿದುಕೊಳ್ಳಲು ಏನೂ ಸಿಗದೆ ಹಾಗೇ ಹೊರಗೆ ಹೋಗುತ್ತಿತ್ತು. ಯುರೋಪ್ ಮೂಲದವರಲ್ಲಿ ಐವರಿಗೆ ಒಬ್ಬರು ಹೀಗಿರುತ್ತಾರೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಸಂಶೋಧನೆ ಇದು. ಆದರೆ ಗಮನಿಸಿ: ಅವರನ್ನು ಕಾಪಾಡಿದ ಈ ಜೀನ್ ರಕ್ತದ ಗುಂಪಿನ ಕಾರ್ಡಿನಲ್ಲಿ ಕಾಣುವುದಿಲ್ಲ. ಅಂಥವರಿಗೂ ನೊರೊವೈರಸ್‌ನ ಬೇರೆ ಕೆಲವು ತಳಿಗಳು ತಗಲುತ್ತವೆ.

ಇನ್ನು ಕೊರೊನಾ. 2020ರಲ್ಲಿ ಇಟಲಿ, ಸ್ಪೇನ್‌ನಲ್ಲಿ ಉಸಿರಾಟದ ತೊಂದರೆಯಾಗಿ ಆಸ್ಪತ್ರೆ ಸೇರಿದವರ ಜೀನ್‌ಗಳನ್ನು ನೋಡಿದಾಗ, ಎ ಗುಂಪಿನವರಿಗೆ ಅಪಾಯ ಸ್ವಲ್ಪ ಜಾಸ್ತಿ, ಓ ಗುಂಪಿನವರಿಗೆ ಸ್ವಲ್ಪ ಕಡಿಮೆ ಎಂದು ಕಂಡಿತು. ನಿಮ್ಮ ವಾಟ್ಸಾಪ್ ಸಂದೇಶದ ಮೂಲ ಇಂಥ ಸುದ್ದಿಗಳೇ. ಓ ಗುಂಪಿನವರಲ್ಲಿ ರಕ್ತ ಹೆಪ್ಪುಗಟ್ಟಿಸುವ ವಾನ್ ವಿಲ್ಲೆಬ್ರಾಂಡ್ ಎಂಬ ಅಂಶ ಉಳಿದವರಿಗಿಂತ ಸುಮಾರು ಶೇ 25ರಷ್ಟು ಕಡಿಮೆ. ಕೊರೊನಾದಲ್ಲಿ ರಕ್ತ ಹೆಪ್ಪುಗಟ್ಟುವುದೇ ದೊಡ್ಡ ತೊಂದರೆಯಾಗಿದ್ದರಿಂದ, ಇದೂ ಒಂದು ಕಾರಣ ಇರಬಹುದು. ಆದರೆ ಬೇರೆ ಕೆಲವು ಆಸ್ಪತ್ರೆಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೊಜ್ಜು, ಲಸಿಕೆ ಹಾಕಿಸಿಕೊಂಡಿದ್ದಾರೋ ಇಲ್ಲವೋ ಅನ್ನುವುದರ ಮುಂದೆ ರಕ್ತದ ಗುಂಪು ಏನೇನೂ ಅಲ್ಲ. ನಿಮ್ಮ ಮನೆಯವರು ಆಸ್ಪತ್ರೆ ಸೇರಿದ್ದಕ್ಕೆ ಎ ಗುಂಪೇ ಕಾರಣ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಈಗ ಡೆಂಗಿಗೆ ಬರೋಣ. ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ನಿಮ್ಮಿಬ್ಬರಲ್ಲಿ ಯಾರಿಗಾದರೂ ಹಿಂದೆ ಡೆಂಗಿ ಬಂದಿತ್ತಾ? ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಸಲ ಒಂದು ಬಗೆ ಬಂದು ಹೋಗಿ, ಮತ್ತೊಂದು ಸಲ ಬೇರೆ ಬಗೆ ತಗಲಿದರೆ ಕಾಯಿಲೆ ಜೋರಾಗುವ ಸಾಧ್ಯತೆ ಜಾಸ್ತಿ. ಮೊದಲ ಸಲ ವೈರಸ್ ವಿರುದ್ಧ ಹೋರಾಡಲು ದೇಹ ತಯಾರಿಸಿದ ಪ್ರತಿಕಾಯಗಳೇ ಹೊಸ ವೈರಸ್ ಜೀವಕೋಶದೊಳಗೆ ಹೋಗಲು ದಾರಿ ಮಾಡಿಕೊಡುವುದು ಇದಕ್ಕೆ ಮುಖ್ಯ ಕಾರಣ. ಹಿಂದೆ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ರಾತ್ರಿ ಮಾತ್ರ ಸೊಳ್ಳೆಪರದೆ ಕಟ್ಟಿದರೆ ಸಾಲದು. ಅದರ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ವಾರಕ್ಕೊಮ್ಮೆ ಡ್ರಮ್, ತೊಟ್ಟಿ ಖಾಲಿ ಮಾಡಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ.

ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೇನ್, ಆಸ್ಪಿರಿನ್ ನೀವಾಗಿಯೇ ತೆಗೆದುಕೊಳ್ಳಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಹೃದಯಕ್ಕೆಂದು ಮೊದಲೇ ಆಸ್ಪಿರಿನ್ ನುಂಗುತ್ತಿದ್ದರೆ ಡಾಕ್ಟರನ್ನು ಕೇಳಿ. ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ: ಡೆಂಗಿಯಲ್ಲಿ ಹೆಚ್ಚು ಅಪಾಯ ಜ್ವರ ಇಳಿದ ಮೇಲಿನ ಒಂದೆರಡು ದಿನ. ಜ್ವರ ಹೋಯಿತು ಅಂತ ಸುಮ್ನೆ ಕೂರಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ, ಗುಂಪು ಎ ಇರಲಿ ಓ ಇರಲಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.